ಯೂರೋಪಿಗೆ ಹೋಗಿ ಕಾಫಿ ಕುಡೀತಾ ಕೂರೋದ್ಯಾಕೆ?

"ಊರು ನೋಡೋಕೆ ಅಂತ ಅಷ್ಟು ಖರ್ಚು ಮಾಡಿ ಹೋಗ್ತೀರ. ಅಲ್ಲಿ ಹೋಗಿ ಕಾಫಿ ಹೋಟೆಲಲ್ಲಿ ಗಂಟೆಗಟ್ಟಲೆ ಯಾಕೆ ಕೂರ್ತೀರ? ಅದೂ ಆ ರೇಟಿಗೆ?" ಯೂರೋಪ್ ಪ್ರವಾಸಕ್ಕೆ ಹೊರಟವರು ನನ್ನ ಹತ್ತಿರ ಸಲಹೆ ಕೇಳಲು ಬಂದಾಗೆಲ್ಲ ಈ ಪ್ರಶ್ನೆ ಬಂದೇ ಬರುತ್ತದೆ.

ಆ ಹಳೇ ಊರುಗಳಲ್ಲಿ ಕಾಫಿಮನೆಯೂ ನೋಡಲೇಬೇಕಾದ ಜಾಗ ಅನ್ನುವುದು ನನ್ನ ಉತ್ತರ. ಅರಮನೆಯಲ್ಲಿ ಹಗ್ಗದ ಈಚೆ ನಿಂತು ಇಣುಕಿ ಬರಬೇಕು, ಅಲ್ಲಿ ಈಗ ಯಾವ ರಾಜನೂ ಇಲ್ಲ. ಇನ್ನೂರು ವರ್ಷದ ಕಾಫಿಮನೆ ಮಾತ್ರ ಯಾವ ಕೆಲಸಕ್ಕೆ ಹುಟ್ಟಿತೋ ಅದನ್ನೇ ಇವತ್ತೂ ಮಾಡುತ್ತಿರುತ್ತದೆ. ಕುರ್ಚಿ ಎಳೆದು ಕೂತರೆ ನೀವೂ ಅದರೊಳಗಿನವರೇ.

ವೆನಿಸ್‌ನಿಂದ ರೈಲಿನಲ್ಲಿ ಸುಮಾರು ಅರ್ಧ ಗಂಟೆ ದೂರದ ಪಾದುವಾ ಊರನ್ನೇ ನೋಡಿ. ಎಲ್ಲರೂ ಅಲ್ಲಿಗೆ ಹೋಗುವುದು ಪುಟ್ಟ ಚರ್ಚಾದ ಸ್ಕ್ರೊವೆನ್ಯಿ ಚಾಪೆಲ್‌ನಲ್ಲಿ ಚಿತ್ರಕಾರ ಜೊತ್ತೊ ಬರೆದ ಭಿತ್ತಿಚಿತ್ರ ನೋಡಲು. ಚಿತ್ರಗಳು ಕೆಡಬಾರದೆಂದು ಒಳಗೆ ಬಿಡುವುದೇ ಸಾಮಾನ್ಯವಾಗಿ 15 ನಿಮಿಷ. ಅದು ಸರಿಯಾದ ಕ್ರಮವೇ. ಆದರೆ ಅಲ್ಲಿಂದ ಸ್ವಲ್ಪ ನಡೆದರೆ ಪೆಡ್ರೋಕ್ಕಿ ಕೆಫೆ ಸಿಗುತ್ತದೆ. 1831ರಲ್ಲಿ ತೆರೆದದ್ದು. 1916ರವರೆಗೆ ಹಗಲೂ ರಾತ್ರಿ ತೆರೆದೇ ಇದ್ದುದರಿಂದ ಜನ ಅದನ್ನು ಬಾಗಿಲಿಲ್ಲದ ಕೆಫೆ ಎಂದು ಕರೆಯುತ್ತಿದ್ದರು. ಒಳಗೆ ಬಿಳಿ, ಕೆಂಪು, ಹಸಿರು ಎಂದು ಮೂರು ಕೋಣೆ. ಹಸಿರು ಕೋಣೆಯಲ್ಲಿ ಏನೂ ತೆಗೆದುಕೊಳ್ಳದೆ ಸುಮ್ಮನೆ ಕೂತು ಪತ್ರಿಕೆ ಓದಬಹುದಿತ್ತು. ಯಾರೂ ಏಳಿ ಅನ್ನುತ್ತಿರಲಿಲ್ಲ. ಎದುರಿಗೇ 1222ರಲ್ಲಿ ಹುಟ್ಟಿದ ವಿಶ್ವವಿದ್ಯಾಲಯ. ಜೇಬು ಖಾಲಿಯಿದ್ದ ವಿದ್ಯಾರ್ಥಿಗಳಿಗೆ ಚಳಿಗಾಲದಲ್ಲಿ ಆ ಕೋಣೆ ಎಂಥ ಆಸರೆಯಾಗಿತ್ತೋ!

ಬಿಳಿ ಕೋಣೆಯ ಗೋಡೆಯಲ್ಲಿ ಒಂದು ಸಣ್ಣ ತೂತಿದೆ. 1848ರ ಫೆಬ್ರವರಿ 8ರಂದು ಆಸ್ಟ್ರಿಯಾದ ಆಳ್ವಿಕೆಯ ವಿರುದ್ಧ ವಿದ್ಯಾರ್ಥಿಗಳು ದಂಗೆ ಎದ್ದಾಗ ಸೈನಿಕರು ಹಾರಿಸಿದ ಗುಂಡಿನದು. ಅದನ್ನು ಮುಚ್ಚದೆ ಹಾಗೇ ಉಳಿಸಿಕೊಂಡಿದ್ದಾರೆ. ಮ್ಯೂಸಿಯಮ್ಮಿನ ಗಾಜಿನ ಪೆಟ್ಟಿಗೆಯಲ್ಲಿಟ್ಟ ನೂರು ಬಂದೂಕು ನೋಡಿದರೂ ನನಗೆ ಆ ದಿನ ಇಷ್ಟು ಹತ್ತಿರ ಬರುವುದಿಲ್ಲ. ಅಲ್ಲಿನ ವಿಶೇಷ ಎಂದರೆ ಪುದೀನ ಕಾಫಿ: ಕೆಳಗೆ ಎಸ್ಪ್ರೆಸೊ, ಮೇಲೆ ತಿಳಿಹಸಿರು ಪುದೀನ ಕೆನೆ, ಅದರ ಮೇಲೆ ಕೋಕೋ ಪುಡಿ. ಕಲಕಬಾರದು, ಸಕ್ಕರೆ ಹಾಕಬಾರದು. ತಣ್ಣನೆಯ ಕೆನೆಯನ್ನು ದಾಟಿ ಬಿಸಿ ಕಾಫಿ ನಾಲಿಗೆಗೆ ತಾಗುವ ಹಾಗೆ ಕುಡಿಯಬೇಕು.

ಇನ್ನು ದುಡ್ಡಿನ ಮಾತು. ಇಟಲಿಯಲ್ಲಿ ನಿಂತು ಕುಡಿದರೆ ಒಂದು ಬೆಲೆ, ಕೂತು ಕುಡಿದರೆ ಇನ್ನೊಂದು. ಅಲ್ಲಿ ಬಾರ್ ಅಂದರೆ ಕಾಫಿ ಅಂಗಡಿಯೂ ಹೌದು. ಸಾಧಾರಣ ಬಾರ್‌ನಲ್ಲಿ ನಿಂತು ಕುಡಿಯುವ ಎಸ್ಪ್ರೆಸೊ ಒಂದೂವರೆ ಯೂರೋ ಆಸುಪಾಸು. ಎಷ್ಟೋ ಕಡೆ ನಮ್ಮ ದರ್ಶಿನಿಯ ಪದ್ಧತಿಯೇ: ಮೊದಲು ದುಡ್ಡು ಕೊಟ್ಟು ಚೀಟಿ ತಗೊಳ್ಳಿ, ಕೌಂಟರಿನಲ್ಲಿ ತೋರಿಸಿ, ಎರಡು ಗುಟುಕಿಗೆ ಮುಗಿಸಿ. ವೆನಿಸ್‌ನ ಸಂತ ಮಾರ್ಕೊ ಚೌಕದ ಫ್ಲೋರಿಯನ್‌ನಲ್ಲಿ, ಅದು 1720ರ ಕಾಫಿಮನೆ, ಹೊರಗೆ ಕೂತಾಗ ವಾದ್ಯಗೋಷ್ಠಿ ನಡೆಯುತ್ತಿದ್ದರೆ ಸಂಗೀತಕ್ಕೆ ತಲೆಗಿಷ್ಟು ಅಂತ ಬಿಲ್ಲಿಗೆ ಬೇರೆ ಸೇರುತ್ತದೆ. ಮೆನುವಿನಲ್ಲಿ ಬರೆದೇ ಇರುತ್ತದೆ, ಓದಿಕೊಂಡು ಕೂತರೆ ಮನಸ್ಸಿಗೆ ಕಸಿವಿಸಿಯಿಲ್ಲ.

ವಿಯೆನ್ನಾದ ರೀತಿಯೇ ಬೇರೆ. ಅಲ್ಲಿ ಕೂರುವುದಕ್ಕೇ ಹೋಗುವುದು. ಮೆಲಾಂಜ್ ಅಂತ ಹಾಲು ಬೆರೆಸಿದ ಕಾಫಿ ಕೇಳಿದರೆ ಪುಟ್ಟ ಲೋಹದ ತಟ್ಟೆಯಲ್ಲಿ ಕಾಫಿ ಕಪ್, ಪಕ್ಕದಲ್ಲಿ ಒಂದು ಲೋಟ ನೀರು, ಆ ಲೋಟದ ಬಾಯಿಯ ಮೇಲೆ ಬೋರಲು ಹಾಕಿದ ಚಮಚ. ಮರದ ಕೋಲಿಗೆ ಸಿಕ್ಕಿಸಿದ ಪತ್ರಿಕೆಗಳು ಓದುವವರಿಗಾಗಿ ಕಾದಿರುತ್ತವೆ. ನೀವು ಕೇಳುವವರೆಗೆ ಬಿಲ್ ತರುವುದಿಲ್ಲ. ಅದನ್ನು ಅಲಕ್ಷ್ಯ ಅಂದುಕೊಳ್ಳಬೇಡಿ, ಅದೇ ಅವರ ಮರ್ಯಾದೆ. 1876ರ ಕೆಫೆ ಸೆಂಟ್ರಲ್‌ನಲ್ಲಿ ರಷ್ಯಾದ ಕ್ರಾಂತಿಕಾರಿ ಟ್ರಾಟ್‌ಸ್ಕಿ ಚೆಸ್ ಆಡುತ್ತಿದ್ದರು. ಲೇಖಕ ಪೀಟರ್ ಆಲ್ಟೆನ್‌ಬರ್ಗ್ ಅಂತೂ ತಮ್ಮ ವಿಳಾಸ ಅಂತಲೇ ಆ ಕೆಫೆಯ ಹೆಸರು ಕೊಡುತ್ತಿದ್ದರು. ಈಗ ಅಲ್ಲಿ ಹೊರಗೆ ಉದ್ದ ಕ್ಯೂ. ಅಷ್ಟು ಹೊತ್ತು ನಿಲ್ಲುವ ಬದಲು 1880ರ ಕೆಫೆ ಶ್ಪೆರ್ಲ್‌ಗೆ ಹೋಗಿ ಎನ್ನುತ್ತೇನೆ. ಬಿಲಿಯರ್ಡ್ಸ್ ಮೇಜುಗಳೂ ಸೇರಿ ಹಳೆಯದೆಲ್ಲ ಅಲ್ಲಿ ಹಾಗೇ ಇದೆ.

ಇನ್ನೊಂದು ಸಂಗತಿ ನನಗೆ ಬಹಳ ಹೆಮ್ಮೆಯದು. ಭಾರತದ ಕಾಫಿಯಲ್ಲಿ ಸುಮಾರು ನೂರಕ್ಕೆ 70 ಪಾಲು ಬೆಳೆಯುವುದು ಕರ್ನಾಟಕ, ಅದನ್ನು ಅತಿ ಹೆಚ್ಚು ಕೊಳ್ಳುವ ದೇಶ ಇಟಲಿ. ಎಸ್ಪ್ರೆಸೊ ಮೇಲಿನ ನೊರೆ ದಟ್ಟವಾಗಲು ನಮ್ಮಲ್ಲೂ ಬೆಳೆಯುವ ರೋಬಸ್ಟಾ ಜಾತಿಯ ಕಾಫಿ ಬೀಜ ನೆರವಾಗುತ್ತದೆ. ಹಾಯಿ ಹಡಗಿನ ಕಾಲದಲ್ಲಿ ನಮ್ಮ ಬೀಜ ಆಫ್ರಿಕಾ ಸುತ್ತಿ ತಿಂಗಳುಗಟ್ಟಲೆ ತೇವದಲ್ಲಿ ಸಾಗಿ, ಊದಿ, ಹುಳಿ ಕಳೆದುಕೊಂಡು ಯೂರೋಪ್ ಸೇರುತ್ತಿತ್ತು. 1869ರಲ್ಲಿ ಸೂಯೆಜ್ ಕಾಲುವೆ ತೆರೆದು ದಾರಿ ಚಿಕ್ಕದಾದಾಗ ಆ ರುಚಿ ತಪ್ಪಿತು. ಅಲ್ಲಿನವರಿಗೆ ಅದೇ ಬೇಕಿತ್ತು. ಹಾಗಾಗಿ ಮಂಗಳೂರಿನ ಗೋದಾಮುಗಳಲ್ಲಿ ಬೀಜವನ್ನು ಮುಂಗಾರಿನ ಗಾಳಿಗೆ ಹರಡಿ ಹದ ಮಾಡುವುದು ರೂಢಿಗೆ ಬಂತು. ಮಾನ್ಸೂನ್ಡ್ ಮಲಬಾರ್ ಅಂದರೆ ಅದೇ.

ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವವರಿಗೆ ಒಂದು ಮಾತು. ಕಲ್ಲು ಹಾಸಿದ ಬೀದಿಗಳಲ್ಲಿ ನಡೆದು ಅವರ ಮಂಡಿ ಸೋತಿರುತ್ತದೆ, ಸಾರ್ವಜನಿಕ ಶೌಚಾಲಯಕ್ಕೆ ಹೆಚ್ಚಿನ ಕಡೆ ಚಿಲ್ಲರೆ ಕೊಡಬೇಕು. ಎರಡಕ್ಕೂ ಕೆಫೆಯೇ ಅನುಕೂಲ. ಮಧ್ಯಾಹ್ನ ಮೂರರ ಹೊತ್ತಿಗೆ ಒಂದು ಒಳ್ಳೆಯ ಹಳೇ ಕೆಫೆಯನ್ನು ಪ್ಲಾನಿನಲ್ಲೇ ಸೇರಿಸಿ, ಅದಕ್ಕಾಗಿ ಒಂದು ಚರ್ಚು ಬಿಟ್ಟರೂ ಪರವಾಗಿಲ್ಲ.