ಉಪ್ಪು ತಿಂದ ಕಾಂಕ್ರೀಟು ನೀರು ಕುಡಿಯಲೇಬೇಕು

ಕಾಸರಗೋಡು ಜಿಲ್ಲೆಯ ನಮ್ಮ ಬಾಯಾರಿನ ಕಡೆ ಗುಡ್ಡದ ಹೊಟ್ಟೆಗೆ ಸುರಂಗ ಕೊರೆದು ನೀರು ತರುತ್ತಾರೆ. ಒಬ್ಬ ನುಸುಳುವಷ್ಟೇ ಅಗಲ. ಪಿಕ್ಕಾಸಿನಿಂದ ಮುರಕಲ್ಲು ಕಡಿಯುತ್ತಾ ಹೋದರೆ, ಅದೃಷ್ಟವಿದ್ದಲ್ಲಿ ನೀರು ಜಿನುಗುತ್ತದೆ. ಅಬುಧಾಬಿಯಲ್ಲಿ ನಾನು ಮಾಡುವ ಕೆಲಸ ಇದರ ತಿರುವುಮುರುವು: ನೀರಿನಿಂದಲೇ ಕಲ್ಲು ಕಡಿಯುವುದು. ಗಲ್ಫಿನಲ್ಲಿ ಏನು ಕೆಲಸ ಎಂದು ಊರಿನವರು ಕೇಳುವಾಗ ಅಂಗಡಿ, ಹೋಟೆಲು, ಡ್ರೈವರ್, ಕಚೇರಿ ಎಂಬ ಉತ್ತರಗಳಿಗೆ ಉಪ್ಪಳದಿಂದ ಕುಂಬಳೆಯವರೆಗಿನ ಕಿವಿಗಳು ಒಗ್ಗಿಹೋಗಿವೆ. ಕೆಟ್ಟ ಕಾಂಕ್ರೀಟನ್ನು ನೀರು ಹೊಡೆದು ತೆಗೆಯುತ್ತೇನೆ ಎಂದರೆ, ಕಾರು ತೊಳೆಯುವವನು ದೊಡ್ಡ ಮಾತಾಡುತ್ತಿದ್ದಾನೆ ಎಂಬಂತೆ ನೋಡುತ್ತಾರೆ. ಹಾಗಾಗಿ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಮೊದಲು ರೋಗ, ಆಮೇಲೆ ಮದ್ದು. ಒಳ್ಳೆಯ ಕಾಂಕ್ರೀಟು ತೀರಾ ಕ್ಷಾರೀಯ; ಅದರ ಪಿಎಚ್ 12ರಿಂದ 13ರ ಆಸುಪಾಸು. ಆ ಕ್ಷಾರದಿಂದಾಗಿ ಒಳಗಿನ ಕಬ್ಬಿಣದ ಸರಳಿನ ಮೇಲೆ ಕಣ್ಣಿಗೆ ಕಾಣದ ಒಂದು ರಕ್ಷಣೆಯ ಪೊರೆ ಕಟ್ಟಿಕೊಂಡಿರುತ್ತದೆ. ಸಮುದ್ರದ ಉಪ್ಪಿನಲ್ಲಿರುವ ಕ್ಲೋರೈಡ್ ಮೆಲ್ಲಮೆಲ್ಲನೆ ಒಳಗಿಳಿದು ಆ ಪೊರೆಯನ್ನು ತೂತು ಮಾಡುತ್ತದೆ. ಅಲ್ಲಿಂದ ತುಕ್ಕು ಶುರು. ತುಕ್ಕಿಗೆ ಕಬ್ಬಿಣಕ್ಕಿಂತ ಎರಡರಿಂದ ಆರು ಪಟ್ಟು ಜಾಗ ಬೇಕು. ಸರಳು ಒಳಗೇ ಉಬ್ಬಿ ಕಾಂಕ್ರೀಟನ್ನು ಹೊರಗೆ ದೂಡುತ್ತದೆ. ಬಿರುಕು ಬಿಡುತ್ತದೆ, ಹೊಪ್ಪಳೆ ಏಳುತ್ತದೆ, ಒಂದು ದಿನ ಚಪ್ಪಡಿಯೇ ಕಳಚಿ ಬೀಳುತ್ತದೆ. ಗಲ್ಫಿನ ಕರಾವಳಿಯಲ್ಲಿ ಗಾಳಿ, ನೆಲ, ನೆಲದಡಿಯ ನೀರು ಎಲ್ಲವೂ ಉಪ್ಪು. ಮೇಲಿನ ಸುಡುಬಿಸಿಲು ಈ ಕೆಲಸವನ್ನು ಇನ್ನಷ್ಟು ಚುರುಕುಗೊಳಿಸುತ್ತದೆ. ಮಂಜೇಶ್ವರ, ಮೊಗ್ರಾಲಿನ ಕಡಲಬದಿಯ ಮನೆಗಳಲ್ಲಿ ಸನ್‌ಶೇಡಿನಿಂದ ಕೆಂಪು ಸರಳು ಇಣುಕುವುದನ್ನು ಕಂಡವರಿಗೆ ಇದೇನೂ ಹೊಸದಲ್ಲ.

ಇಂಥ ಕಾಂಕ್ರೀಟನ್ನು ತೆಗೆಯಲು ಎಲ್ಲರಿಗೂ ಗೊತ್ತಿರುವ ದಾರಿ ಬ್ರೇಕರ್ ಯಂತ್ರ. ಅದು ಕುಟ್ಟುತ್ತದೆ. ಕುಟ್ಟಿದ ಜಾಗ ಒಡೆಯುವುದೇನೋ ನಿಜ, ಆದರೆ ಉಳಿದ ಒಳ್ಳೆಯ ಕಾಂಕ್ರೀಟಿನಲ್ಲೂ ಕೂದಲೆಳೆಯಂಥ ಬಿರುಕುಗಳು ಉಳಿಯುತ್ತವೆ. ಸರಳಿಗೆ ಪೆಟ್ಟು ಬಿದ್ದರೆ ಆ ನಡುಕ ಸರಳಿನುದ್ದಕ್ಕೂ ಓಡಿ, ದೂರದಲ್ಲಿ ಗಟ್ಟಿಯಾಗಿದ್ದ ಹಿಡಿತವನ್ನೂ ಸಡಿಲಿಸುತ್ತದೆ. ಆ ಮೇಲ್ಮೈಗೆ ಹೊಸ ಕಾಂಕ್ರೀಟು ಎಷ್ಟು ಚೆನ್ನಾಗಿ ಅಂಟಿಕೊಂಡರೇನು, ಕೆಳಗಿನ ಪದರವೇ ಬಿರುಕುಬಿಟ್ಟಿದ್ದರೆ ಅಲ್ಲಿಂದಲೇ ಬಿಟ್ಟುಕೊಳ್ಳುತ್ತದೆ.

ನೀರು ಹಾಗೆ ಕುಟ್ಟುವುದಿಲ್ಲ. ನಮ್ಮ ಪಂಪು ಸುಮಾರು 1000 ಬಾರ್ ಒತ್ತಡದಲ್ಲಿ ನೀರು ಕೊಡುತ್ತದೆ. ಕಾರಿನ ಚಕ್ರದಲ್ಲಿರುವುದು ಎರಡು ಬಾರ್‌ಗಿಂತ ತುಸು ಹೆಚ್ಚು. ಸಮುದ್ರದಲ್ಲಿ 1000 ಬಾರ್ ಬೇಕೆಂದರೆ ಹತ್ತು ಕಿಲೋಮೀಟರ್ ಆಳಕ್ಕೆ ಇಳಿಯಬೇಕು. ಸಣ್ಣ ಮೂತಿಯಿಂದ ಹೊರಬೀಳುವಾಗ ನೀರಿನ ವೇಗ ಸೆಕೆಂಡಿಗೆ 400 ಮೀಟರಿಗೂ ಮಿಗಿಲು, ಅಂದರೆ ಗಾಳಿಯಲ್ಲಿ ಶಬ್ದ ಓಡುವುದಕ್ಕಿಂತ ಜೋರು. ಈ ನೀರು ಕಾಂಕ್ರೀಟಿನ ರಂಧ್ರ, ಬಿರುಕುಗಳೊಳಗೆ ನುಗ್ಗಿ ಒಳಗಿನಿಂದ ಹಿಗ್ಗಿಸುತ್ತದೆ. ಕಾಂಕ್ರೀಟು ಭಾರ ಹೊರುವುದರಲ್ಲಿ ಗಟ್ಟಿಗ, ಎಳೆತ ತಾಳುವುದರಲ್ಲಿ ಬಡವ. ಎಳೆತ ತಾಳುವ ಬಲ ಭಾರ ಹೊರುವ ಬಲದ ಹತ್ತನೆಯ ಒಂದು ಪಾಲಿನಷ್ಟು ಮಾತ್ರ. ಒಳಗಿನ ಒತ್ತಡ ಆ ಎಳೆತದ ಬಲವನ್ನು ಮೀರಿದಾಗ ಕಾಂಕ್ರೀಟು ತಾನಾಗಿ ಸಿಡಿಯುತ್ತದೆ. ಕೊಳೆತ ಭಾಗಕ್ಕೆ ಬಲ ಕಡಿಮೆ, ಬಿರುಕು ಹೆಚ್ಚು. ಅದೇ ಮೊದಲು ಹೋಗುತ್ತದೆ. ಒತ್ತಡ, ಮೂತಿಯ ವೇಗ, ಒಂದೇ ಜಾಗದ ಮೇಲೆ ಎಷ್ಟು ಹೊತ್ತು ಹಾಯಬೇಕು ಎಂಬುದನ್ನೆಲ್ಲ ಮೊದಲೇ ಹೊಂದಿಸಿಟ್ಟರೆ ಗಟ್ಟಿ ಕಾಂಕ್ರೀಟು ಬಹುಪಾಲು ಉಳಿದುಕೊಳ್ಳುತ್ತದೆ. ಸರಳಿಗೆ ಏನೂ ಆಗುವುದಿಲ್ಲ, ಮೇಲಾಗಿ ತುಕ್ಕೂ ತೊಳೆದುಹೋಗುತ್ತದೆ. ಕೆಲಸ ಮುಗಿದ ಜಾಗ ಜಲ್ಲಿ ಎದ್ದು ಕಾಣುವಷ್ಟು ಒರಟು. ಹೊಸ ಕಾಂಕ್ರೀಟು ಕಚ್ಚಿಕೊಳ್ಳಲು ಅದಕ್ಕಿಂತ ಒಳ್ಳೆಯ ನೆಲವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಇಷ್ಟು ಹೊಗಳಿದ ಮೇಲೆ ಒಂದು ಮಾತು ಹೇಳಲೇಬೇಕು. ಈ ಯಂತ್ರಕ್ಕೆ ಗಟ್ಟಿ ಯಾವುದು, ಪೊಳ್ಳು ಯಾವುದು ಎಂದು ಗೊತ್ತಾಗುತ್ತದೆ. ಉಪ್ಪು ಎಲ್ಲಿದೆ ಎಂದು ಗೊತ್ತಾಗುವುದಿಲ್ಲ. ಕ್ಲೋರೈಡ್ ತುಂಬಿದ್ದರೂ ಇನ್ನೂ ಗಟ್ಟಿಯಾಗಿರುವ ಕಾಂಕ್ರೀಟನ್ನು ಅದು ಒಳ್ಳೆಯದೆಂದೇ ಬಿಟ್ಟುಬಿಡುತ್ತದೆ. ಅಂಥ ಕಡೆ ಆಳಕ್ಕೆ ಕೊರೆದು, ಪುಡಿ ತೆಗೆದು ಪರೀಕ್ಷಿಸಿ, ಎಷ್ಟು ಆಳ ತೆಗೆಯಬೇಕೆಂದು ಮನುಷ್ಯರೇ ನಿರ್ಧರಿಸಬೇಕು. ಮಾರಾಟಗಾರರ ಕರಪತ್ರಗಳಲ್ಲಿ ಈ ಮಾತು ದೊಡ್ಡ ಅಕ್ಷರದಲ್ಲಿ ಇರುವುದಿಲ್ಲ.

ಸ್ವೀಡನ್ನಿನವರು 1980ರ ದಶಕದಲ್ಲೇ ಇದಕ್ಕೆ ರೋಬೋಟ್‌ಗಳನ್ನು ತಯಾರಿಸಿದರು. ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುವ ನಾಡು ಅದು, ಸೇತುವೆಗಳಿಗೆ ನಮ್ಮದೇ ಕಾಯಿಲೆ. ಮರಳುಗಾಡಿನ ಬೇನೆಗೆ ಹಿಮದ ನಾಡಿನ ಮದ್ದು. ನಮ್ಮಲ್ಲಿರುವುದು ಟ್ಯಾಂಕಿನಂತೆ ಪಟ್ಟಿಯ ಮೇಲೆ ತೆವಳುವ ಯಂತ್ರ. ಮುಂದಿನ ತೊಲೆಯ ಮೇಲೆ ಮೂತಿ ಅತ್ತಿಂದಿತ್ತ ಓಡಾಡುತ್ತದೆ. ನಾವು ದೂರ ನಿಂತು ಕೈಯಲ್ಲಿ ರಿಮೋಟ್ ಹಿಡಿದಿರುತ್ತೇವೆ. ನಿಮಿಷಕ್ಕೆ 200 ಲೀಟರ್ ನೀರು ಈ ವೇಗದಲ್ಲಿ ಚಿಮ್ಮಿದರೆ ಹಿಂದಕ್ಕೆ ತಳ್ಳುವ ಬಲ ಇಬ್ಬರು ಆಳುಗಳ ತೂಕದಷ್ಟಾಗುತ್ತದೆ, ಕೈಯಲ್ಲಿ ಹಿಡಿಯುವ ಮಾತೇ ಇಲ್ಲ. ಮೂಲೆ, ಕಂಬದ ಸಂದುಗಳಿಗೆ ಮಾತ್ರ ಕಡಿಮೆ ನೀರಿನ ಕೈಕೊಳವೆ. ಅದರ ಗುಂಡಿಯಿಂದ ಬೆರಳು ತೆಗೆದ ಕೂಡಲೇ ಒತ್ತಡ ಇಳಿದುಬಿಡುತ್ತದೆ.

ತರಬೇತಿಯ ದಿನ ಒಂದು ಹಳೆಯ ಬೂಟನ್ನು ಈ ಕೊಳವೆಯ ಮುಂದೆ ಇಟ್ಟು ತೋರಿಸಿದರು. ಬೂಟು ಎರಡು ತುಂಡಾಯಿತು. ಮನುಷ್ಯನ ಮೈಗೆ ತಗುಲಿದರೆ ಹೊರಗೆ ಕಾಣುವುದು ಸೂಜಿ ಚುಚ್ಚಿದಷ್ಟು ಗಾಯ. ಒಳಗೆ ಕೊಳಕು ನೀರು ಮಾಂಸದ ಪದರಗಳನ್ನು ಸೀಳಿಕೊಂಡು ಹೋಗಿರುತ್ತದೆ. ವೈದ್ಯರು ಚಿಕ್ಕ ಗಾಯವೆಂದು ಪಟ್ಟಿ ಕಟ್ಟಿ ಕಳಿಸಿಬಿಡಬಾರದಲ್ಲ? ಅದಕ್ಕಾಗಿ ಈ ಕೆಲಸದವರು ಜೇಬಿನಲ್ಲಿ ಒಂದು ಕಾರ್ಡು ಇಟ್ಟುಕೊಳ್ಳುತ್ತಾರೆ: ಇದು ಅಧಿಕ ಒತ್ತಡದ ನೀರಿನ ಗಾಯ, ತುರ್ತು ಚಿಕಿತ್ಸೆ ಬೇಕು ಎಂದು. ಅಮ್ಮನಿಗೆ ಈ ಕಾರ್ಡಿನ ವಿಷಯ ಹೇಳಿಲ್ಲ. ಇದನ್ನು ಓದುವ ನೆಂಟರು ಯಾರೂ ಹೇಳದಿದ್ದರೆ ಉಪಕಾರ.

ನಮ್ಮ ಗುಂಪಿನಲ್ಲಿ ಕಾಞಂಗಾಡಿನ ಮಲಯಾಳಿ ಫೋರ್‌ಮನ್, ಇಬ್ಬರು ನೇಪಾಳಿಗಳು, ಪಂಪು ನೋಡಿಕೊಳ್ಳುವ ಪೇಶಾವರದ ಪಠಾಣ, ಪೆರ್ಲದ ಇನ್ನೊಬ್ಬ ಕನ್ನಡಿಗ, ನಾನು. ಪಂಪಿನ ಗದ್ದಲದಲ್ಲಿ ಯಾವ ಭಾಷೆಯೂ ನಡೆಯುವುದಿಲ್ಲ, ಕೈಸನ್ನೆಯೇ ಗತಿ. ಊಟದ ಹೊತ್ತಿಗೆ ಪೆರ್ಲದವನೂ ನಾನೂ ತುಳುವಿಗೆ ಇಳಿಯುತ್ತೇವೆ, ಫೋರ್‌ಮನ್‌ಗೆ ಅರ್ಧಂಬರ್ಧ ಅರ್ಥವಾಗಿ ಅನುಮಾನದಿಂದ ನೋಡುತ್ತಾನೆ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರರವರೆಗೆ ಬಿಸಿಲಿನಲ್ಲಿ ಕೆಲಸ ಮಾಡಿಸಬಾರದೆಂದು ಇಲ್ಲಿ ನಿಯಮವಿದೆ. ಊರಿನಲ್ಲಿ ಆ ತಿಂಗಳುಗಳಲ್ಲಿ ಜಡಿಮಳೆ. ನೀರುಡುಪು ತೊಟ್ಟು ಬೆವರಿನಲ್ಲಿ ನೆನೆಯುವ ನಮಗೆ ಅದನ್ನು ವಾಟ್ಸ್‌ಆ್ಯಪಿನಲ್ಲಿ ಕಳಿಸಬೇಡಿ.

ನೀರಿನ ಲೆಕ್ಕವನ್ನಂತೂ ನಮ್ಮೂರಿನವರ ಮುಂದೆ ಹೇಳಲು ನಾಚಿಕೆ. ನಿಮಿಷಕ್ಕೆ 200 ಲೀಟರ್ ಎಂದರೆ ಗಂಟೆಗೆ 12,000 ಲೀಟರ್, ಒಂದು ಒಳ್ಳೆಯ ಟ್ಯಾಂಕರು. ಮೇ ತಿಂಗಳಲ್ಲಿ ಸುರಂಗದ ಬಾಯಲ್ಲಿ ಕೊಡ ತುಂಬಲು ಕಾಯುವವರು ಇದನ್ನು ಕೇಳಿದರೆ ನನ್ನನ್ನು ಅಂಗಳಕ್ಕೆ ಸೇರಿಸಲಿಕ್ಕಿಲ್ಲ. ಈ ನೀರು ಸಮುದ್ರದ್ದೇ, ಉಪ್ಪು ತೆಗೆದು ಸಿಹಿ ಮಾಡಿದ್ದು. ಯಾವ ಸಮುದ್ರ ಕಾಂಕ್ರೀಟನ್ನು ಹಾಳು ಮಾಡಿತೋ ಅದರ ನೀರನ್ನೇ, ವಿದ್ಯುತ್ತು ಸುರಿದು ಶುದ್ಧಮಾಡಿ, ಆ ಹಾಳನ್ನು ತೆಗೆಯಲು ತರುತ್ತೇವೆ. ಬಳಸಿದ ಮೇಲೆ ಅದು ಸಿಮೆಂಟಿನ ಗಂಜಿ. ಕ್ಷಾರ ಎಷ್ಟೆಂದರೆ ಹಾಗೆಯೇ ಚರಂಡಿಗೆ ಬಿಟ್ಟರೆ ಮೀನು ಉಳಿಯುವುದಿಲ್ಲ. ತೊಟ್ಟಿಯಲ್ಲಿ ನಿಲ್ಲಿಸಿ ಕೆಸರು ಇಳಿಸಿ, ಇಂಗಾಲದ ಡೈಆಕ್ಸೈಡ್ ಹಾಯಿಸಿ ಕ್ಷಾರ ತಗ್ಗಿಸಿದ ಮೇಲೆಯೇ ಬಿಡಬೇಕು. ಕಡಿದ ಜಾಗವನ್ನೂ ಅಂದೇ ತೊಳೆಯಬೇಕು. ಬಿಟ್ಟರೆ ಆ ಗಂಜಿ ಒಣಗಿ ಮತ್ತೆ ಅಂಟಿಕೊಂಡು ಪಟ್ಟ ಪಾಡೆಲ್ಲ ವ್ಯರ್ಥ.

ಬಾವ ಫೋನಿನಲ್ಲಿ ಕೇಳಿದರು, ಕುಂಬಳೆಯ ಮನೆಯ ಸನ್‌ಶೇಡಿಗೆ ಆ ಯಂತ್ರ ತರಿಸಬಹುದೇ ಎಂದು. ಬೇಡ. ಅದು ಸೇತುವೆ, ಜೆಟ್ಟಿ, ವಾಹನ ನಿಲುಗಡೆಯ ಮಹಡಿಗಳಿಗೆ ಮಾಡಿದ್ದು. ಸನ್‌ಶೇಡಿನೊಡನೆ ಕಿಟಕಿಯೂ ಹೋದೀತು. ಆದರೆ ಮೇಸ್ತ್ರಿ ಮಾಡುವುದನ್ನು ನಿಂತು ನೋಡಬೇಕು. ಸುತ್ತಿಗೆಯಲ್ಲಿ ತಟ್ಟಿದರೆ ಟೊಳ್ಳು ಸದ್ದು ಎಲ್ಲಿಯವರೆಗೆ ಬರುತ್ತದೋ ಅಲ್ಲಿಯವರೆಗೆ ಬಿಡಿಸಬೇಕು. ಬಿಡಿಸುವ ಮೊದಲು ಕೆಳಗೆ ಊರೆ ಕೊಡಬೇಕು. ಸಾಮಾನ್ಯವಾಗಿ ಎದುರಿಗೆ ಕಾಣುವ ಅರ್ಧ ಸರಳನ್ನು ಮಾತ್ರ ಉಜ್ಜಿ, ಗಾರೆ ಮೆತ್ತಿ, ಬಣ್ಣ ಹೊಡೆದು ಹೋಗುತ್ತಾರೆ. ಹಿಂಬದಿಯ ತುಕ್ಕು ಹಾಗೆಯೇ ಇರುತ್ತದೆ. ಸರಳಿನ ಹಿಂದೆ ಎರಡು, ಎರಡೂವರೆ ಸೆಂಟಿಮೀಟರಾದರೂ ಬಿಡಿಸಿ, ಸುತ್ತಲೂ ತುಕ್ಕು ತೆಗೆದು, ಹೊಸ ಗಾರೆ ಸರಳನ್ನು ಪೂರ್ತಿ ಅಪ್ಪಿಕೊಳ್ಳುವಂತೆ ತುಂಬಬೇಕು. ಅಷ್ಟು ಮಾಡಿದರೂ, ಪಕ್ಕದಲ್ಲಿ ಉಪ್ಪು ಉಳಿದಿದ್ದರೆ ಕೆಲವು ವರ್ಷಗಳಲ್ಲಿ ತೇಪೆಯ ಅಂಚಿನಲ್ಲೇ ಹೊಸ ತುಕ್ಕು ಏಳಬಹುದು. ಹೊಸ ಗಾರೆಯೊಳಗಿನ ಸರಳು ಸುರಕ್ಷಿತವಾದಂತೆ ಪಕ್ಕದ್ದು ಬಲಿಯಾಗುತ್ತದೆ. ಇದನ್ನು ಕೇಳಿ ಬಾವ, ಹಾಗಾದರೆ ಇಡೀ ಸನ್‌ಶೇಡನ್ನೇ ಕೆಡವಿ ಶೀಟು ಹಾಕಿಸುತ್ತೇನೆ ಎಂದರು. ಅವರ ಲೆಕ್ಕವೂ ತಪ್ಪಲ್ಲ.