ಬಡ್ತಿ ಸಿಕ್ಕಿತು, ಸೀಟು ಹೋಯಿತು

ರಾತ್ರಿ ನಿದ್ದೆ ಬಾರದೆ ಸುಮ್ನೆ 1908ರ ಮ್ಯಾಂಚೆಸ್ಟರ್ ಉಪಚುನಾವಣೆ ಬಗ್ಗೆ ಓದುತ್ತಿದ್ದೆ. ಆಗ ಬ್ರಿಟನ್‌ನಲ್ಲಿ ಸಂಸದರು ಸಂಪುಟ ಸೇರಿದರೆ ಮತ್ತೆ ಜನರ ಮುಂದೆ ನಿಂತು ಗೆಲ್ಲಬೇಕಿತ್ತು. ಚರ್ಚಿಲ್ ಮಂತ್ರಿಯಾದರು, 429 ಮತಗಳಿಂದ ಸೋತರು! ನಮ್ಮಲ್ಲೂ ಈ ನಿಯಮ ಇದ್ದಿದ್ದರೆ ಮಜಾ ಇರುತ್ತಿತ್ತು, ಅಲ್ವಾ?

ನನಗೆ ಜಾಸ್ತಿ ಹಿಡಿಸಿದ್ದು ಮಾತ್ರ ಐರಿಷ್ ಹೋರಾಟಗಾರ್ತಿ ಕಾನ್‌ಸ್ಟನ್ಸ್ ಮಾರ್ಕಿವಿಚ್. ಬಾರ್‌ಗಳಲ್ಲಿ ದುಡಿಯುವ ಹೆಂಗಸರ ಕೆಲಸ ಉಳಿಸಬೇಕೆಂದು ನಾಲ್ಕು ಬಿಳಿ ಕುದುರೆಗಳ ಗಾಡಿ ಓಡಿಸುತ್ತಾ ಚರ್ಚಿಲ್ ವಿರುದ್ಧ ಪ್ರಚಾರ ಮಾಡಿದರು. "ಅಡುಗೆ ಬರುತ್ತಾ?" ಅಂತ ಯಾರೋ ಕೂಗಿದರಂತೆ. "ಬರುತ್ತೆ. ನಿನಗೆ ಈ ಗಾಡಿ ಓಡಿಸೋಕೆ ಬರುತ್ತಾ?" ಅಂದರಂತೆ. ಸಂಸತ್ ಚುನಾವಣೆಯಲ್ಲಿ ಆಗ ಅವರಿಗೆ ಮತ ಹಾಕುವ ಹಕ್ಕೇ ಇರಲಿಲ್ಲ. 1918ರಲ್ಲಿ ಅದೇ ಸಂಸತ್ತಿಗೆ ಆಯ್ಕೆಯಾದ ಮೊದಲ ಮಹಿಳೆ ಅವರೇ.

ಚರ್ಚಿಲ್ ಬಿಡಿ, ಮೇ ತಿಂಗಳಲ್ಲೇ ಸ್ಕಾಟ್ಲೆಂಡಿನ ಡಂಡಿ ಕ್ಷೇತ್ರದಿಂದ ಗೆದ್ದು ಬಂದರು.