ಪ್ರಾರ್ಥಿಸಿದರೂ ಯಾಕೋಬನು ಏಕೆ ಸತ್ತನು?

ಬೈಬಲಿನ ಅಪೊಸ್ತಲರ ಕೃತ್ಯಗಳ ಹನ್ನೆರಡನೆಯ ಅಧ್ಯಾಯವನ್ನು ಕೂಡಿ ಓದುವಾಗಲೆಲ್ಲ ಯಾರಾದರೊಬ್ಬರು ನನ್ನನ್ನು ಈ ಪ್ರಶ್ನೆ ಕೇಳುತ್ತಾರೆ. ಅರಸನಾದ ಹೆರೋದ ಅಗ್ರಿಪ್ಪನು ಯೇಸುವಿನ ಶಿಷ್ಯನೂ ಯೋಹಾನನ ಅಣ್ಣನೂ ಆದ ಯಾಕೋಬನನ್ನು ಕತ್ತಿಯಿಂದ ಕೊಲ್ಲಿಸಿದನು. ಪೇತ್ರನನ್ನಾದರೋ ದೇವದೂತನು ಸೆರೆಮನೆಯಿಂದ ಹೊರಗೆ ಕರೆತಂದನು. ಸಭೆ ಯಾಕೋಬನಿಗಾಗಿ ಪ್ರಾರ್ಥಿಸದೆ ಇದ್ದೀತೇ? ಹಾಗಿದ್ದರೆ ಆ ಪ್ರಾರ್ಥನೆಯಿಂದ ಆದದ್ದಾದರೂ ಏನು?

ಯಾಕೋಬನು ಏಕೆ ಉಳಿಯಲಿಲ್ಲ ಎಂಬುದಕ್ಕೆ ಈ ಪುಸ್ತಕ ಬರೆದ ಲೂಕನು ಕಾರಣ ಕೊಡುವುದಿಲ್ಲ. ಅವನ ಸಾವು ಒಂದೇ ಒಂದು ವಾಕ್ಯದಲ್ಲಿ ಮುಗಿದುಹೋಗುತ್ತದೆ. ನಾನೂ ಕಾರಣ ಕಟ್ಟಲಾರೆ. ಆದರೆ ಅವನಿಗಾಗಿ ಬೇಡಿದವರಲ್ಲಿ ನಂಬಿಕೆ ಸಾಲದೇ ಹೋಯಿತು ಎನ್ನುವವರ ಮಾತು ಕೇಳಿದರೆ ನನಗೆ ನಿಜವಾಗಿಯೂ ಸಿಟ್ಟು ಬರುತ್ತದೆ. ಪೇತ್ರನಿಗಾಗಿ ಪ್ರಾರ್ಥಿಸುತ್ತಿದ್ದವರ ನಂಬಿಕೆ ಎಷ್ಟಿತ್ತೆಂದು ಅದೇ ಅಧ್ಯಾಯ ತೋರಿಸುತ್ತದೆ. ನಾಲ್ವರಂತೆ ನಾಲ್ಕು ಗುಂಪು ಸಿಪಾಯಿಗಳ ಕಾವಲು ದಾಟಿ ಬಂದ ಪೇತ್ರನು ಮಾರ್ಕನ ತಾಯಿ ಮರಿಯಳ ಮನೆಯ ಬಾಗಿಲು ತಟ್ಟುತ್ತಾನೆ. ರೋದೆ ಎಂಬ ಸೇವಕಿ ಅವನ ಧ್ವನಿ ಗುರುತು ಹಿಡಿಯುತ್ತಾಳೆ. ಸಂತೋಷದಲ್ಲಿ ಬಾಗಿಲು ತೆರೆಯುವುದನ್ನೂ ಮರೆತು ಒಳಗೆ ಓಡಿ ಸುದ್ದಿ ಹೇಳುತ್ತಾಳೆ. ಅವನಿಗಾಗಿ ಪ್ರಾರ್ಥಿಸಲು ಆ ರಾತ್ರಿ ಅಲ್ಲಿ ಕೂಡಿಬಂದಿದ್ದವರು ಅವಳಿಗೆ ಹುಚ್ಚು ಹಿಡಿದಿದೆ ಎನ್ನುತ್ತಾರೆ! ಇಷ್ಟು ನಂಬಿಕೆಗೇ ಪೇತ್ರನು ಸಿಕ್ಕಿದನೆಂದ ಮೇಲೆ, ನಂಬಿಕೆಯನ್ನು ಅಳೆದು ಯಾಕೋಬನ ಸಾವಿಗೆ ಲೆಕ್ಕ ಕೊಡಲು ಬರುವುದಿಲ್ಲ.

ಅದಕ್ಕಿಂತ, ಅವರು ಬೇಡಿದ್ದು ಏನನ್ನು ಎಂದು ನೋಡಬೇಕು. ನಾಲ್ಕನೆಯ ಅಧ್ಯಾಯದಲ್ಲಿ ಯೆಹೂದ್ಯ ಮುಖಂಡರ ಹಿರೀಸಭೆಯವರು ಪೇತ್ರ ಯೋಹಾನರನ್ನು ಬೆದರಿಸಿ ಬಿಟ್ಟಾಗ ಶಿಷ್ಯರು ಒಮ್ಮನಸ್ಸಿನಿಂದ ಪ್ರಾರ್ಥಿಸಿದರು. ವೈರಿಗಳನ್ನು ಅಳಿಸು ಎಂದು ಅವರು ಕೇಳಲಿಲ್ಲ. ಬೆದರಿಕೆ ನಿಲ್ಲಲಿ ಎಂದೂ ಕೇಳಲಿಲ್ಲ. ಇದನ್ನೆಲ್ಲ ನೀನು ನೋಡು, ನಮಗೆ ಧೈರ್ಯವಾಗಿ ಮಾತನಾಡುವ ಶಕ್ತಿ ಕೊಡು, ಗುಣಪಡಿಸಲು ನಿನ್ನ ಕೈ ಚಾಚು ಎಂದಷ್ಟೇ ಬೇಡಿದರು.

ಈ ಬೇಡಿಕೆ ಒಬ್ಬ ಮುದುಕನಲ್ಲಿ ಹೇಗೆ ಫಲಿಸಿತೆಂದು ತಿಳಿಯಲು ಸ್ಮುರ್ನಕ್ಕೆ, ಅಂದರೆ ಇಂದಿನ ಟರ್ಕಿಯ ಇಜ್ಮಿರ್‌ಗೆ, ಹೋಗಬೇಕು. ಸುಮಾರು ಕ್ರಿ.ಶ. 155ರಲ್ಲಿ ಅಲ್ಲಿನ ಬಿಷಪ್ ಪಾಲಿಕಾರ್ಪನನ್ನು ಹಿಡಿಯಲು ಹುಡುಕಾಟ ನಡೆದಿತ್ತು. ಜೊತೆಯವರ ಮಾತು ಕೇಳಿ ಅವನು ಊರ ಹೊರಗಿನ ತೋಟವೊಂದಕ್ಕೆ, ಅಲ್ಲಿಂದ ಇನ್ನೊಂದಕ್ಕೆ ಹೋಗಿ ಅಡಗಿದ್ದನು. ಇದನ್ನು ನಾನು ಒತ್ತಿ ಹೇಳುತ್ತೇನೆ, ಏಕೆಂದರೆ ಆದಿಸಭೆಯವರು ಸಾವನ್ನು ಹುಡುಕಿಕೊಂಡು ಹೋದವರೆಂದು ಹಲವರು ತಿಳಿದಿದ್ದಾರೆ. ತಾನಾಗಿಯೇ ಮುಂದೆ ಬಂದ ಕ್ವಿಂತನೆಂಬವನು ಕಾಡುಮೃಗಗಳನ್ನು ಕಂಡು ಹೆದರಿ ಹಿಂಜರಿದದ್ದನ್ನು ಬರೆದ ಸ್ಮುರ್ನದ ಸಭೆ, ಹಾಗೆ ತಾವೇ ಹೋಗಿ ಸಿಕ್ಕಿಕೊಳ್ಳುವವರನ್ನು ನಾವು ಹೊಗಳುವುದಿಲ್ಲ ಎಂದು ತನ್ನ ಪತ್ರದಲ್ಲಿ ಸ್ಪಷ್ಟವಾಗಿ ಹೇಳಿದೆ.

ಕೊನೆಗೆ ಶುಕ್ರವಾರ ರಾತ್ರಿ ಆಯುಧ ಹಿಡಿದವರು ಮನೆಗೇ ಬಂದರು. ಪಾಲಿಕಾರ್ಪನು ಮಹಡಿಯಿಂದ ಇಳಿದು ಬಂದು ಅವರನ್ನು ಮಾತನಾಡಿಸಿದನು. ಅವರು ಬೇಕಾದಷ್ಟು ಉಂಡು ಕುಡಿಯಲಿ ಎಂದು ಊಟ ಬಡಿಸಲು ಹೇಳಿದನು. ತನಗೆ ಪ್ರಾರ್ಥಿಸಲು ಒಂದು ಗಂಟೆ ಕೊಡಿ ಎಂದು ಕೇಳಿ, ಎರಡು ಗಂಟೆ ನಿಂತೇ ಪ್ರಾರ್ಥಿಸಿದನು. ಬದುಕಿನಲ್ಲಿ ತಾನು ಕಂಡ ಎಲ್ಲರನ್ನೂ, ದೊಡ್ಡವರು ಚಿಕ್ಕವರೆನ್ನದೆ, ಲೋಕದೆಲ್ಲೆಡೆಯ ಸಭೆಯನ್ನೂ ನೆನೆದನು. ಇಂಥ ಮುದುಕನನ್ನು ಹಿಡಿಯಲು ಬಂದೆವಲ್ಲಾ ಎಂದು ಬಂದವರಲ್ಲಿ ಹಲವರು ಮರುಗಿದರು. ಆದರೂ ಹಿಡಿದುಕೊಂಡೇ ಹೋದರು, ಅವನನ್ನು ಸುಡಲು ಬೆಂಕಿ ಹಚ್ಚಿದರು. ಆ ಪ್ರಾರ್ಥನೆ ಅವನ ಜೀವ ಉಳಿಸಲಿಲ್ಲ, ನಿಜ. ಆದರೆ ತನ್ನನ್ನು ಕೊಲ್ಲಲು ಒಯ್ಯುವವರಿಗೆ ಊಟ ಬಡಿಸುವ ಮನಸ್ಸು ಅವನಿಗೆ ಎಲ್ಲಿಂದ ಬಂತು? ಪ್ರಾರ್ಥನೆಯಿಂದ ಏನಾಯಿತು ಎಂದು ಕೇಳುವವರಿಗೆ ನಾನು ತೋರಿಸುವುದು ಆ ಮನಸ್ಸನ್ನೇ.

ಹಾಗೆಂದು ಬಿಡುಗಡೆಯನ್ನು ಬೇಡುವುದು ತಪ್ಪೆಂದು ಆದಿಸಭೆಯವರು ತಿಳಿದಿರಲಿಲ್ಲ. ಒಂದನೆಯ ಶತಮಾನದ ಕೊನೆಯಲ್ಲಿ ರೋಮಿನ ಸಭೆ ಕೊರಿಂಥಕ್ಕೆ ಬರೆದ, ಕ್ಲೆಮೆಂತನ ಹೆಸರಿನಲ್ಲಿ ಉಳಿದಿರುವ ಪತ್ರದ ಕೊನೆಯ ಭಾಗದಲ್ಲಿ ಒಂದು ದೀರ್ಘ ಪ್ರಾರ್ಥನೆಯಿದೆ. ನಮ್ಮ ಸೆರೆಯಾಳುಗಳನ್ನು ಬಿಡಿಸು ಎಂದು ಅದು ದೇವರನ್ನು ನೇರವಾಗಿ ಕೇಳುತ್ತದೆ. ಸ್ವಲ್ಪ ಮುಂದಕ್ಕೆ, ಆಳುವವರಿಗೆ ಆರೋಗ್ಯ, ಸಮಾಧಾನ, ಒಮ್ಮತ, ಸ್ಥಿರತೆ ಕೊಡು ಎಂದೂ ಬೇಡುತ್ತದೆ. ಇದನ್ನು ಬೇಡಿದ್ದು, 64ರ ಬೆಂಕಿಯ ನಂತರ ನೀರೋ ಚಕ್ರವರ್ತಿ ಕ್ರೈಸ್ತರನ್ನು ಕೊಲ್ಲಿಸಿದ ಅದೇ ಊರಿನ ಸಭೆ.